ಕಾಲೇಜು ನೋಡಿ ಬಂದೆವು, ಏನು ನೋಡಿದೆವು?

ಕಾಲೇಜು ನೋಡಿಕೊಂಡು ಬಂದವರನ್ನು ‘ಹೇಗಿತ್ತು?’ ಅಂತ ಕೇಳಿ ನೋಡಿ. ‘ಚೆನ್ನಾಗಿದೆ’ ಅನ್ನುತ್ತಾರೆ. ಏನು ಚೆನ್ನಾಗಿದೆ ಅಂತ ಇನ್ನೊಂದು ಪ್ರಶ್ನೆ ಹಾಕಿದರೆ ಮಾತು ತಡವರಿಸುತ್ತದೆ. ದೊಡ್ಡ ಕ್ಯಾಂಪಸ್ಸು, ತುಂಬಾ ಮರ ಇವೆ, ಲೈಬ್ರರಿ ಹೊಸದು, ಸುತ್ತಾಡಿಸಿದ ಹುಡುಗಿ ಎಷ್ಟು ನಗುನಗುತ್ತಾ ಮಾತಾಡಿದಳು. ಅಷ್ಟೇ. ಮೂರ್ನಾಲ್ಕು ವರ್ಷ ಕಳೆಯಬೇಕಾದ ಜಾಗದ ಬಗ್ಗೆ ಅರ್ಧ ದಿನ ಖರ್ಚು ಮಾಡಿ ತಿಳಿದುಕೊಂಡದ್ದು ಇಷ್ಟು. ಇದರಲ್ಲಿ ಮುಕ್ಕಾಲು ಪಾಲು ಕಾಲೇಜಿನ ವೆಬ್‌ಸೈಟಿನ ಫೋಟೋ ನೋಡಿದರೂ ಗೊತ್ತಾಗುತ್ತಿತ್ತು, ಅಲ್ವಾ?

ಈಚೆಗೆ ಅಕ್ಕನ ಮಗಳ ಜೊತೆ ಕೆಲವು ಕಾಲೇಜು ಸುತ್ತಿದೆ. ಅಕ್ಕನಿಗೆ ರಜೆ ಸಿಗುವುದಿಲ್ಲ, ಭಾವನಿಗೆ ಓಡಾಟ ಆಗುವುದಿಲ್ಲ, ಹಾಗಾಗಿ ಚಿಕ್ಕಮ್ಮನ ಪಾಲಿಗೆ ಬಂತು. ಪ್ರತಿ ಸಲವೂ ಗೇಟು ದಾಟಿ ಹೊರಗೆ ಬರುವಷ್ಟರಲ್ಲಿ ಅವಳ ತೀರ್ಪು ರೆಡಿ ಇರುತ್ತಿತ್ತು. ‘ಇದು ಬೇಡವೇ ಬೇಡ ಚಿಕ್ಕಮ್ಮ.’ ಅಥವಾ, ‘ಇದು ಸೂಪರ್.’ ಯಾಕೆ ಅಂದರೆ, ‘ಏನೋಪ್ಪ, ಹಾಗನ್ನಿಸ್ತು.’ ಆ ಅನ್ನಿಸಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದರಲ್ಲಿ ಕಾಲೇಜಿನದು ಎಷ್ಟು, ಆ ದಿನದ್ದು ಎಷ್ಟು ಅನ್ನುವ ಪ್ರಶ್ನೆ ಮಾತ್ರ ತಲೆಯಿಂದ ಹೋಗಲಿಲ್ಲ. ಚೆನ್ನಾಗಿ ನಿದ್ದೆ ಮಾಡಿ, ಹೊಟ್ಟೆ ತುಂಬಿಸಿಕೊಂಡು, ತಂಪು ಹೊತ್ತಿನಲ್ಲಿ ಹೋದ ಕಾಲೇಜುಗಳೆಲ್ಲ ‘ಸೂಪರ್’ ಪಟ್ಟಿಯಲ್ಲೇ ಇದ್ದವು. ಸುಡುಬಿಸಿಲಲ್ಲಿ, ಬಸ್ಸು ತಪ್ಪಿ, ಬೆವರಿಕೊಂಡು ತಲುಪಿದ ಕಾಲೇಜು ಒಳಗೆ ಕಾಲಿಡುವ ಮೊದಲೇ ಸೋತಿತ್ತು.

ಮೋಡ ಕವಿದರೆ ಸೀಟು ತುಂಬುತ್ತದೆ

ಇದು ನನ್ನೊಬ್ಬಳ ಅನುಮಾನ ಅಲ್ಲ. ಯೂರಿ ಸೈಮನ್‌ಸನ್ ಅನ್ನುವ ಸಂಶೋಧಕರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ವಿಶ್ವವಿದ್ಯಾಲಯ. ಓದಿಗೆ ಹೆಸರುವಾಸಿ, ಮೋಜಿಗೆ ಅಷ್ಟಕ್ಕಷ್ಟೆ. ಅದನ್ನು ನೋಡಲು ಬಂದಿದ್ದ 1,284 ವಿದ್ಯಾರ್ಥಿಗಳ ದಾಖಲೆ ತೆಗೆದು, ಅವರು ಬಂದ ದಿನ ಆಕಾಶದಲ್ಲಿ ಎಷ್ಟು ಮೋಡ ಇತ್ತು ಅಂತ ಹೊಂದಿಸಿ ನೋಡಿದರು. ಬಿಸಿಲಿದ್ದ ದಿನ ಬಂದವರೇ ಜಾಸ್ತಿ ಸೇರಿರಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಆದದ್ದು ಉಲ್ಟಾ. ಮೋಡ ಜಾಸ್ತಿ ಇದ್ದ ದಿನ ಬಂದವರು ಆ ಕಾಲೇಜನ್ನು ಸೇರುವ ಸಾಧ್ಯತೆ ಹೆಚ್ಚಿತ್ತು. ಮೋಡ ಒಂದು ಮಟ್ಟ ಏರಿದರೆ (ಅಂಕಿಅಂಶದವರ ಭಾಷೆಯಲ್ಲಿ ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್) ಸೇರುವ ಸಾಧ್ಯತೆ 9 ಶೇಕಡಾ ಅಂಶ ಏರುತ್ತಿತ್ತು. ಹೊರಗೆ ಮಂಕು ಕವಿದಾಗ ಒಳಗೆ ಕೂತು ಓದುವುದೇ ಚೆಂದ ಅನ್ನಿಸುತ್ತದೆ, ಓದಿನ ಕಾಲೇಜು ಆಗ ಇನ್ನಷ್ಟು ಇಷ್ಟವಾಗುತ್ತದೆ ಅನ್ನುವುದು ಅವರ ವಿವರಣೆ. ಆಟೋಟ, ಮೋಜು ಮಸ್ತಿಗೆ ಹೆಸರಾದ ಕಾಲೇಜಾಗಿದ್ದರೆ ಲೆಕ್ಕ ಬೇರೆ ಆಗುತ್ತಿತ್ತೋ ಏನೋ.

ಇದನ್ನು ಓದಿದ ಮೇಲೆ ನಾನೊಂದು ರೂಢಿ ಮಾಡಿಸಿದೆ. ಅವಳು ಮೊದಮೊದಲು ಮುಖ ಸಿಂಡರಿಸಿದಳು, ಆಮೇಲೆ ಒಗ್ಗಿಕೊಂಡಳು. ಅವತ್ತೇ ರಾತ್ರಿ, ಮಲಗುವ ಮೊದಲು, ನೋಟ್‌ಬುಕ್ಕಿನ ಒಂದು ಹಾಳೆಯ ನಡುವೆ ಗೆರೆ ಎಳೆಯುವುದು. ಎಡಗಡೆ ಇವತ್ತಿನ ದಿನಕ್ಕೆ ಸೇರಿದ್ದು: ಹವೆ, ಹಸಿವು, ಜೊತೆಗಿದ್ದವರು, ಸುತ್ತಾಡಿಸಿದವರ ಸ್ವಭಾವ, ಅವತ್ತು ನಡೆಯುತ್ತಿದ್ದ ಫೆಸ್ಟ್. ಬಲಗಡೆ ಮುಂದಿನ ವರ್ಷವೂ ಹಾಗೇ ಇರುವಂಥದ್ದು. ಮೊದಲ ಕಾಲೇಜಿನ ಹಾಳೆಯಲ್ಲಿ ಎಡಗಡೆ ಪೂರ್ತಿ ತುಂಬಿತ್ತು, ಬಲಗಡೆ ‘ಲೈಬ್ರರಿ ರಾತ್ರಿ ಹತ್ತರ ತನಕ’ ಅಂತ ಒಂದೇ ಸಾಲು. ಅವಳಿಗೇ ನಗು ಬಂತು. ನಾಳೆ ಬರೆದರಾಯಿತು ಅಂತ ಬಿಟ್ಟರೆ ಮಾತ್ರ ಕಥೆ ಮುಗಿಯಿತು. ಎರಡನೇ ಕಾಲೇಜು ನೋಡುವ ಹೊತ್ತಿಗೆ ಮೊದಲನೆಯದರ ಮೆಟ್ಟಿಲು ಇದಕ್ಕೆ, ಇದರ ಲ್ಯಾಬು ಅದಕ್ಕೆ ಸೇರಿಕೊಂಡಿರುತ್ತದೆ. ಒಂದೇ ದಿನ ಮೂರು ಕಾಲೇಜು ನೋಡುವವರಿದ್ದಾರೆ. ಅವರ ಕಾಲಿನ ಬಗ್ಗೆ ನನಗೆ ಗೌರವ ಇದೆ, ನೆನಪಿನ ಬಗ್ಗೆ ಇಲ್ಲ.

ತೋರಿಸಿದ್ದು, ತೋರಿಸದ್ದು

ನೆಂಟರು ಬರುವ ದಿನ ಮನೆ ಹೇಗಿರುತ್ತದೋ, ಓಪನ್ ಡೇ ದಿನ ಕಾಲೇಜು ಹಾಗಿರುತ್ತದೆ. ಅದರಲ್ಲಿ ಮೋಸ ಏನಿಲ್ಲ, ಎಲ್ಲರೂ ಮಾಡುವುದೇ. ಸುತ್ತಾಡಿಸುವ ವಿದ್ಯಾರ್ಥಿಯೂ ಸುಳ್ಳು ಹೇಳುವುದಿಲ್ಲ. ಕಾಲೇಜು ಇಷ್ಟವಿಲ್ಲದವನು ರಜೆ ದಿನ ಬಂದು ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಅಪರಿಚಿತರಿಗೆ ಕಟ್ಟಡ ತೋರಿಸುತ್ತಾನೆಯೇ? ಅವನಿಗೆ ಜಾಗ ಇಷ್ಟ, ಅದಕ್ಕೇ ಅವನು ಅಲ್ಲಿದ್ದಾನೆ. ಹಾಗಾಗಿ ‘ಇಲ್ಲಿ ಚೆನ್ನಾಗಿದೆಯಾ?’ ಅಂತ ಅವನನ್ನು ಕೇಳುವುದು ದಂಡ. ಬರುವ ಉತ್ತರ ಮೊದಲೇ ಗೊತ್ತು.

ನಿನ್ನೆ ನಡೆದದ್ದನ್ನು ಕೇಳಬೇಕು. ನಿನ್ನೆ ಸಂಜೆ ಐದರಿಂದ ಒಂಬತ್ತರ ತನಕ ಏನು ಮಾಡಿದಿರಿ? ಕಳೆದ ವಾರ ಅರ್ಥವಾಗದ ಪಾಠವನ್ನು ಯಾರ ಹತ್ತಿರ ಹೇಳಿಸಿಕೊಂಡಿರಿ? ನಿಮ್ಮ ಜೊತೆ ಸೇರಿ ನಡುವೆ ಬಿಟ್ಟು ಹೋದವರು ಯಾಕೆ ಹೋದರು? ಅಭಿಪ್ರಾಯ ಕೇಳಿದರೆ ಹೊಗಳಿಕೆ ಬರುತ್ತದೆ, ಘಟನೆ ಕೇಳಿದರೆ ವಿವರ ಬರುತ್ತದೆ. ‘ಮೇಷ್ಟ್ರುಗಳು ತುಂಬಾ ಸಪೋರ್ಟ್ ಮಾಡ್ತಾರೆ’ ಅಂದಿದ್ದ ಹುಡುಗ, ಕೊನೆಯ ಸಲ ಒಬ್ಬನೇ ಮೇಷ್ಟ್ರ ರೂಮಿಗೆ ಹೋಗಿದ್ದು ಯಾವಾಗ ಅಂತ ನನ್ನ ಜೊತೆಗಿದ್ದವಳು ಕೇಳಿದಾಗ ಸ್ವಲ್ಪ ಯೋಚಿಸಿ, ‘ಹಾಜರಿ ಕಮ್ಮಿಯಾದಾಗ’ ಅಂದ. ಪಾಪ, ಪ್ರಾಮಾಣಿಕ ಹುಡುಗ.

ಅದೇ ಕಾಲೇಜಿನ ಲ್ಯಾಬು ಕಣ್ಣಿಗೆ ಕಟ್ಟಿದ ಹಾಗಿದೆ. ಬಾಗಿಲಲ್ಲೇ ನಿಲ್ಲಿಸಿ ತೋರಿಸಿದರು. ಹೊಳೆಯುವ ನೆಲ, ಸಾಲಾಗಿ ಉಪಕರಣಗಳು, ಪ್ರತಿಯೊಂದರ ಮೇಲೂ ಹೊದಿಸಿದ ಪ್ಲಾಸ್ಟಿಕ್ ಕವರು. ಕವರಿನ ಮಡಿಕೆಯಲ್ಲಿ ಧೂಳು ಗೆರೆ ಕಟ್ಟಿತ್ತು. ಎಲ್ಲರೂ ಮುಂದೆ ಹೋದ ಮೇಲೆ ಇವಳು ಹಿಂದೆ ಉಳಿದು, ಬಾಗಿಲ ಪಕ್ಕದ ಮೇಜಿಗೆ ದಾರದಿಂದ ಕಟ್ಟಿದ್ದ ರಿಜಿಸ್ಟರ್ ತಿರುವಿ ಹಾಕಿದಳು. ತಾರೀಕು, ಹೆಸರು, ಬಂದ ಸಮಯ, ಹೋದ ಸಮಯ, ಸಹಿ. ಕೊನೆಯ ಸಹಿ ಬಿದ್ದು ತಿಂಗಳುಗಳೇ ಆಗಿದ್ದವು.

ಇನ್ನೊಂದು ಕಡೆ ಲ್ಯಾಬು ನೋಡಿದರೆ ಅಯ್ಯೋ ಅನ್ನಿಸುವ ಹಾಗಿತ್ತು. ಮೇಜಿನ ತುಂಬಾ ವೈರು, ಬಿಳಿ ಬೋರ್ಡಿನ ಮೇಲೆ ಅರ್ಧ ಅಳಿಸಿದ ಲೆಕ್ಕ, ಬೆಸುಗೆ ಹಾಕಿದ ವಾಸನೆ. ‘ಅದನ್ನ ಮುಟ್ಟಬೇಡಿ, ಇನ್ನೂ ಬಿಸಿ ಇದೆ’ ಅಂತ ಒಬ್ಬ ಹುಡುಗ ತಲೆ ಎತ್ತದೆ ಹೇಳಿದ. ಅಲ್ಲಿಯ ರಿಜಿಸ್ಟರ್ ಹಾಳೆಗಳು ಮೂಲೆ ಮಡಚಿ, ಬೆರಳಚ್ಚು ಬಿದ್ದು ಕೊಳೆಯಾಗಿದ್ದವು. ಒಂದು ಪುಟದ ಅಂಚಿನಲ್ಲಿ ಯಾರೋ ‘ಎರಡನೇ ಚಾನೆಲ್ ಕೆಲಸ ಮಾಡುತ್ತಿಲ್ಲ’ ಅಂತ ಗೀಚಿದ್ದರು. ಅದರ ಕೆಳಗೆ ಬೇರೆ ಬಣ್ಣದ ಪೆನ್ನಲ್ಲಿ ‘ಸರಿ ಮಾಡಿದೆ’ ಅಂತ ಬರೆದು, ಮೂರು ದಿನದ ನಂತರದ ತಾರೀಕು ಹಾಕಿ ಸಹಿ ಮಾಡಿತ್ತು. ಕೆಟ್ಟದ್ದನ್ನು ಹೇಳಿಕೊಳ್ಳುವ ವಿದ್ಯಾರ್ಥಿ, ಹೇಳಿದ್ದನ್ನು ಮೂರು ದಿನದಲ್ಲಿ ಸರಿ ಮಾಡುವ ಸಿಬ್ಬಂದಿ. ಇದನ್ನು ಯಾವ ಬ್ರೋಷರಿನಲ್ಲಿ ಅಚ್ಚು ಹಾಕಿಸಲು ಆಗುತ್ತದೆ? ಅವತ್ತು ರಾತ್ರಿ ಹಾಳೆಯ ಬಲಗಡೆ ತುಂಬಿತು.

ನೋಟಿಸ್ ಬೋರ್ಡುಗಳನ್ನೂ ನಾನು ಬಿಡುವುದಿಲ್ಲ. ಮುಖ್ಯ ಕಟ್ಟಡದ ಗಾಜಿನೊಳಗಿನ ಬೋರ್ಡಲ್ಲ, ವಿಭಾಗದ ಹಿಂದಿನ ಕಾರಿಡಾರಿನದ್ದು. ರೂಮ್‌ಮೇಟ್ ಬೇಕು, ಹಳೇ ಪುಸ್ತಕ ಮಾರಾಟಕ್ಕಿದೆ, ನಾಟಕದ ಆಡಿಷನ್ನು, ಪರೀಕ್ಷೆ ಮುಂದೂಡಿದ ಸೂಚನೆ. ಬರೀ ದಂಡ, ಎಚ್ಚರಿಕೆ, ನಿಷೇಧಗಳೇ ತುಂಬಿದ್ದರೆ ಅದೂ ಒಂದು ಸುದ್ದಿಯೇ.

ಸರಾಸರಿ ಇಪ್ಪತ್ತು ಅಂದರೆ

‘ನಮ್ಮಲ್ಲಿ ಒಂದು ಕ್ಲಾಸಿಗೆ ಸರಾಸರಿ ಇಪ್ಪತ್ತು ವಿದ್ಯಾರ್ಥಿಗಳು’ ಅನ್ನುವ ಮಾತು ಸ್ಲೈಡಿನಲ್ಲಿ ಬಂದೇ ಬರುತ್ತದೆ. ಕೂತವರೆಲ್ಲ ಇಪ್ಪತ್ತು ಜನರ ಕ್ಲಾಸನ್ನು ಊಹಿಸಿಕೊಂಡು ತಲೆಯಾಡಿಸುತ್ತಾರೆ. ಲೆಕ್ಕ ಮಾಡಿ ನೋಡಿ. ಒಟ್ಟು ಹತ್ತು ಕ್ಲಾಸು. ಒಂಬತ್ತರಲ್ಲಿ ತಲಾ 10 ಜನ, ಒಂದರಲ್ಲಿ 110. ಎಲ್ಲ ಸೇರಿ 200, ಹತ್ತರಿಂದ ಭಾಗಿಸಿದರೆ 20. ಸ್ಲೈಡು ಹೇಳಿದ್ದು ನಿಜವೇ. ಆದರೆ 200 ಜನರಲ್ಲಿ 110 ಮಂದಿ ಆ ದೊಡ್ಡ ಹಾಲಿನಲ್ಲೇ ಕೂತಿದ್ದಾರೆ. ಅಂದರೆ ಅರ್ಧಕ್ಕಿಂತ ಜಾಸ್ತಿ ಜನರ ಪಾಲಿಗೆ ಕ್ಲಾಸು ಅಂದರೆ 110. ಇಪ್ಪತ್ತು ಜನರ ಕ್ಲಾಸು ಇಡೀ ಕಾಲೇಜಿನಲ್ಲಿ ಒಂದೂ ಇಲ್ಲ! ಮೊದಲ ವರ್ಷದ ಕ್ಲಾಸುಗಳೇ ಸಾಮಾನ್ಯವಾಗಿ ದೊಡ್ಡವು, ಹೊಸದಾಗಿ ಸೇರುವವರು ಹೋಗಿ ಕೂರುವುದು ಅಲ್ಲೇ. ಆದ್ದರಿಂದ ಸರಾಸರಿ ಕೇಳಬೇಡಿ. ‘ಮೊದಲ ಸೆಮಿಸ್ಟರಿನಲ್ಲಿ ನಾನು ಕೂರುವ ಗಣಿತದ ಕ್ಲಾಸಿನಲ್ಲಿ ಎಷ್ಟು ಜನ ಇರುತ್ತಾರೆ, ಅದನ್ನು ಯಾರು ತೆಗೆದುಕೊಳ್ಳುತ್ತಾರೆ?’ ಅಂತ ಕೇಳಿ.

ಕೆಲಸ ಸಿಕ್ಕವರ ಸಂಬಳದ ಲೆಕ್ಕಕ್ಕೂ ಇದೇ ರೋಗ. ಅತಿ ಹೆಚ್ಚು ಎಷ್ಟು ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರಿಗೆ ಎಷ್ಟು, ಮತ್ತು ಕೆಲಸ ಹುಡುಕಿದ ಎಷ್ಟು ಮಂದಿಯಲ್ಲಿ ಎಷ್ಟು ಮಂದಿ ಆ ಸಾಲಿನಲ್ಲಿದ್ದಾರೆ ಅಂತ ಕೇಳಿದರೆ ಸಾಕು. ಉತ್ತರ ಕೊಡಲಿ ಬಿಡಲಿ, ಮುಖ ನೋಡಿದರೆ ಗೊತ್ತಾಗುತ್ತದೆ.

ಪಾಠಕ್ಕೆ ಕೂತ ಒಂದು ಗಂಟೆ

ಸಾಧ್ಯವಾದರೆ ಒಂದು ಕ್ಲಾಸಿಗೆ ಹೋಗಿ ಕೂರಬೇಕು. ಮೊದಲೇ ಪತ್ರ ಬರೆದು ಕೇಳಿದರೆ ಎಷ್ಟೋ ಕಡೆ ಬಿಡುತ್ತಾರೆ. ಕಟ್ಟಡ ಸುತ್ತುವುದಕ್ಕಿಂತ ಇದಕ್ಕೆ ನನ್ನ ಓಟು. ಆದರೂ ಇಲ್ಲಿ ಹುಷಾರಾಗಿರಬೇಕು. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞೆ ನಳಿನಿ ಅಂಬಾಡಿ, ರಾಬರ್ಟ್ ರೋಸೆಂಥಾಲ್ ಅನ್ನುವವರ ಜೊತೆ ಸೇರಿ 1993ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಪಾಠ ಮಾಡುವವರ ಚಿಕ್ಕ ಚಿಕ್ಕ ವಿಡಿಯೋ ತುಣುಕುಗಳು, ಧ್ವನಿ ಇಲ್ಲ. ಒಬ್ಬೊಬ್ಬರದು ಒಟ್ಟು ಅರ್ಧ ನಿಮಿಷ. ಅವರನ್ನು ಹಿಂದೆಂದೂ ನೋಡದವರಿಗೆ ಇದನ್ನು ತೋರಿಸಿ ಅಂಕ ಕೊಡಿಸಿದರು. ಆ ಅಂಕಗಳು, ಇಡೀ ಸೆಮಿಸ್ಟರ್ ಕೂತ ವಿದ್ಯಾರ್ಥಿಗಳು ಕೊನೆಯಲ್ಲಿ ಕೊಟ್ಟ ಅಂಕಗಳಿಗೆ ಸಾಕಷ್ಟು ತಾಳೆಯಾದವು. ಅಬ್ಬಾ, ಅರ್ಧ ನಿಮಿಷದಲ್ಲೇ ಒಳ್ಳೆಯ ಮೇಷ್ಟ್ರು ಯಾರು ಅಂತ ಗೊತ್ತಾಗುತ್ತದಲ್ಲ ಅನ್ನಬಹುದು. ಗೊತ್ತಾಗುವುದು ವಿದ್ಯಾರ್ಥಿಗಳಿಗೆ ಯಾರು ಇಷ್ಟವಾಗುತ್ತಾರೆ ಅನ್ನುವುದು. ಯಾರ ಹತ್ತಿರ ಕಲಿಯುತ್ತಾರೆ ಅನ್ನುವುದು ಬೇರೆ ಮಾತು. ಹಾರ್ವರ್ಡ್‌ನ ಭೌತಶಾಸ್ತ್ರದ ಕ್ಲಾಸುಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಗುಂಪಿನಲ್ಲಿ ಕೂತು ತಾವೇ ಒದ್ದಾಡಿ ಲೆಕ್ಕ ಬಿಡಿಸಿದವರು ಪರೀಕ್ಷೆಯಲ್ಲಿ ಜಾಸ್ತಿ ಅಂಕ ತೆಗೆದರು, ಆದರೆ ತಾವು ಕಮ್ಮಿ ಕಲಿತೆವು ಅಂದುಕೊಂಡಿದ್ದರು. ನಿರರ್ಗಳ ಉಪನ್ಯಾಸ ಕೇಳಿದವರಿಗೆ ಚೆನ್ನಾಗಿ ಕಲಿತೆವು ಅನ್ನಿಸಿತ್ತು, ಅಂಕ ಮಾತ್ರ ಕಮ್ಮಿ.

ಹಾಗಾಗಿ ಪಾಠಕ್ಕೆ ಕೂತಾಗ ಮೇಷ್ಟ್ರಿಗಿಂತ ಹೆಚ್ಚಾಗಿ ಕೂತವರನ್ನು ನೋಡುವುದು ಒಳ್ಳೆಯದು. ಹಿಂದಿನ ಬೆಂಚಿನಲ್ಲಿ ಕೂರಿ. ಯಾರಾದರೂ ಪ್ರಶ್ನೆ ಕೇಳುತ್ತಾರಾ? ಕೇಳಿದರೆ ಉಳಿದವರು ತಿರುಗಿ ನೋಡಿ ನಗುತ್ತಾರಾ, ಬರೆದುಕೊಳ್ಳುತ್ತಾರಾ? ತಪ್ಪು ಉತ್ತರಕ್ಕೆ ಮೇಷ್ಟ್ರು ಏನನ್ನುತ್ತಾರೆ? ಕ್ಲಾಸು ಮುಗಿದ ಮೇಲೆ ಮೇಜಿನ ಹತ್ತಿರ ಎಷ್ಟು ಜನ ನಿಲ್ಲುತ್ತಾರೆ? ಬೆಲ್ಲು ಹೊಡೆದ ಮೇಲಿನ ಆ ಐದು ನಿಮಿಷವನ್ನು ಬಿಟ್ಟು ಓಡಬಾರದು.

ದೊಡ್ಡವರು ಸ್ವಲ್ಪ ಆಚೆ ಹೋಗಿ

ಇದನ್ನು ಬರೆದರೆ ಕೆಲವರಿಗೆ ಬೇಸರ ಆಗುತ್ತದೆ. ಆಗಲಿ. ಕಾಲೇಜು ನೋಡಲು ಬಂದ ಗುಂಪಿನಲ್ಲಿ ಪ್ರಶ್ನೆ ಕೇಳುವವರೆಲ್ಲ ಅಪ್ಪ ಅಮ್ಮಂದಿರೇ. ಓದಬೇಕಾದವರು ಮೊಬೈಲ್ ನೋಡುತ್ತಾ ಎರಡು ಹೆಜ್ಜೆ ಹಿಂದೆ. ಒಂದು ಕಡೆ ಒಬ್ಬ ತಂದೆ ಮಗನ ಬ್ರಾಂಚು, ಹಾಸ್ಟೆಲ್ಲು, ಪರೀಕ್ಷೆ, ಇಂಟರ್ನ್‌ಶಿಪ್ಪು ಎಲ್ಲ ಕೇಳಿ ಮುಗಿಸಿದರು. ಸುತ್ತಾಡಿಸುತ್ತಿದ್ದ ಹುಡುಗಿ ಕೊನೆಗೆ ಮಗನ ಕಡೆ ತಿರುಗಿ, ‘ನಿಮಗೇನಾದರೂ ಕೇಳಬೇಕಾ?’ ಅಂದಳು. ಅವನು ಅಪ್ಪನ ಮುಖ ನೋಡಿದ. ಅಪ್ಪ, ‘ಅವನಿಗೇನಿಲ್ಲ’ ಅಂದರು.

ಖರ್ಚು ಕೊಡುವವರಿಗೆ ಕೇಳುವ ಹಕ್ಕಿದೆ, ಇಲ್ಲ ಅನ್ನುವುದಿಲ್ಲ. ದುಡ್ಡಿನ, ಸುರಕ್ಷತೆಯ ಪ್ರಶ್ನೆಗಳನ್ನು ಆಫೀಸಿನಲ್ಲಿ ದೊಡ್ಡವರೇ ಕೇಳಲಿ. ಅದೇ ಹೊತ್ತಿಗೆ ಮಕ್ಕಳು ಒಬ್ಬರೇ ಸುತ್ತಲಿ. ನಾನು ಪ್ರತಿ ಕಾಲೇಜಿನಲ್ಲೂ ಒಂದು ಗಂಟೆ ಎಲ್ಲಾದರೂ ಕಟ್ಟೆ ಹಿಡಿದು ಕೂತುಬಿಡುತ್ತಿದ್ದೆ. ಅವಳು ಕ್ಯಾಂಟೀನಿಗೋ ಲೈಬ್ರರಿಗೋ ಹೋಗಿ, ಯಾರನ್ನಾದರೂ ಮಾತಾಡಿಸಿ ಬರಬೇಕು. ಮೊದಲ ಸಲ ಹತ್ತೇ ನಿಮಿಷಕ್ಕೆ ವಾಪಸ್ಸು. ‘ನಂಗೆ ನಾಚಿಕೆ ಆಗುತ್ತೆ ಚಿಕ್ಕಮ್ಮ, ಏನಂತ ಮಾತಾಡಿಸಲಿ?’ ‘ಮುಂದಿನ ವರ್ಷ ಇಲ್ಲಿ ಸೇರೋಣ ಅಂತಿದ್ದೀನಿ, ಐದು ನಿಮಿಷ ಇದೆಯಾ ಅಂತ ಕೇಳು.’ ಹೋದಳು. ಗಂಟೆ ಕಳೆದರೂ ಪತ್ತೆ ಇಲ್ಲ. ಫೋನ್ ಮಾಡಿದರೆ ಕಟ್ ಮಾಡಿದಳು. ಬಂದಾಗ ಕೈಯಲ್ಲಿ ಎರಡು ಫೋನ್ ನಂಬರು, ಬಾಯಿ ತುಂಬಾ ಸುದ್ದಿ. ಎರಡನೇ ವರ್ಷದ ಹುಡುಗಿಯೊಬ್ಬಳು ಸಿಕ್ಕಿದ್ದಳಂತೆ. ವಿಷಯ ಬದಲಿಸಲು ಅರ್ಜಿ ಹಾಕಿ ಒಂದು ವರ್ಷ ಕಾದಿದ್ದಾಳಂತೆ. ಬ್ರೋಷರಿನಲ್ಲಿ ಬರೆದ ಐಚ್ಛಿಕ ವಿಷಯಗಳಲ್ಲಿ ಅರ್ಧದಷ್ಟು ಈ ವರ್ಷ ನಡೆಯುತ್ತಲೇ ಇಲ್ಲವಂತೆ. ಆದರೂ ಗೆಳೆಯರ ವಿಷಯದಲ್ಲಿ ಇಷ್ಟು ಒಳ್ಳೇ ಜಾಗ ಇನ್ನೊಂದಿಲ್ಲವಂತೆ. ‘ನೀವಿದ್ದಿದ್ರೆ ಅವಳು ಇದೆಲ್ಲ ಹೇಳ್ತಾನೇ ಇರ್ಲಿಲ್ಲ’ ಅಂದಳು. ನಿಜವೇ. ನಾನಿದ್ದಿದ್ದರೆ ಆ ಹುಡುಗಿ ‘ನಮಸ್ತೆ ಆಂಟಿ’ ಅಂತ ಹೇಳಿ ಎಲ್ಲವೂ ಚೆನ್ನಾಗಿದೆ ಅನ್ನುತ್ತಿದ್ದಳು.

ಬಾಗಿಲಿನಿಂದ ಬಾಗಿಲಿಗೆ

ಹಾಸ್ಟೆಲ್ ನೋಡುವಾಗ ಎಲ್ಲರೂ ಮಂಚ, ಬೀರು, ಬಾತ್‌ರೂಮು ನೋಡುತ್ತಾರೆ. ನೋಡಲೇಬೇಕು. ಜೊತೆಗೆ ಬಾಗಿಲುಗಳು ಎಲ್ಲಿ ತೆರೆಯುತ್ತವೆ ಅಂತಲೂ ನೋಡಿ. 1950ರಲ್ಲಿ ಪ್ರಕಟವಾದ ಒಂದು ಹಳೆಯ ಅಧ್ಯಯನ ಇದೆ. ಲಿಯಾನ್ ಫೆಸ್ಟಿಂಗರ್ ಮತ್ತು ಜೊತೆಗಾರರು ಅಮೆರಿಕದ ಎಂಐಟಿಯಲ್ಲಿ, ಮದುವೆಯಾದ ವಿದ್ಯಾರ್ಥಿಗಳ ವಸತಿಯಲ್ಲಿ ಯಾರು ಯಾರಿಗೆ ಗೆಳೆಯರಾದರು ಅಂತ ಕೇಳಿದರು. ಒಂದೇ ಮಹಡಿಯಲ್ಲಿ, ಪಕ್ಕದ ಬಾಗಿಲಿನವರನ್ನು ಆಪ್ತರು ಎಂದು ಹೆಸರಿಸಿದ್ದು 41 ಶೇಕಡಾ. ಎರಡು ಬಾಗಿಲು ಆಚೆಯವರನ್ನು 22. ಕಾರಿಡಾರಿನ ಆ ತುದಿಯವರನ್ನು 10. ಒಂದೇ ಮಹಡಿ, ನಾಲ್ಕು ಹೆಜ್ಜೆ ವ್ಯತ್ಯಾಸ! ಹಾಗಾಗಿ ಒಬ್ಬೊಬ್ಬರಿಗೂ ಒಳಗೇ ಎಲ್ಲ ಸೌಲಭ್ಯ ಇರುವ ರೂಮು ಸುಖವೇ ಇರಬಹುದು, ಆದರೆ ಹೊಸದಾಗಿ ಬಂದು ಯಾರೂ ಗೊತ್ತಿಲ್ಲದ ಮೊದಲ ತಿಂಗಳುಗಳಲ್ಲಿ ಹಲ್ಲುಜ್ಜುವಾಗ ಎದುರಾಗುವ ಮುಖಗಳೂ ಬೇಕು ಅನ್ನುವುದು ನನ್ನ ಪಕ್ಷಪಾತ. ನಾಲ್ಕು ಜನ ಸುಮ್ನೆ ಕೂರುವಂಥ ಜಾಗ ಇದೆಯಾ? ಇದ್ದರೆ ಸಂಜೆ ಅಲ್ಲಿ ಯಾರಾದರೂ ಕೂತಿದ್ದಾರಾ?

ಸಂಜೆ ಅಂದೆನಲ್ಲ. ಸಾಧ್ಯವಾದರೆ ಕತ್ತಲಾಗುವ ತನಕ ಇರಿ. ಲೈಬ್ರರಿಯಿಂದ ಹಾಸ್ಟೆಲಿನ ತನಕ ನಿಮ್ಮ ಕಾಲಲ್ಲೇ ನಡೆಯಿರಿ. ದೀಪ ಎಲ್ಲಿ ಮುಗಿಯುತ್ತದೆ, ಎಷ್ಟು ನಿಮಿಷ ಹಿಡಿಯುತ್ತದೆ, ದಾರಿಯಲ್ಲಿ ಬೇರೆಯವರು ಇದ್ದಾರಾ. ಮ್ಯಾಪಿನಲ್ಲಿ ಇದೊಂದೂ ಇರುವುದಿಲ್ಲ. ಗಾಲಿಕುರ್ಚಿ ಬಳಸುವವರು, ಕಣ್ಣು ಮಂದ ಇರುವವರು ಇಳಿಜಾರು, ಲಿಫ್ಟು ‘ಇದೆ’ ಅನ್ನುವ ಮಾತಿಗೆ ನಿಲ್ಲದೆ ತಾವೇ ಹತ್ತಿ ಇಳಿದು ನೋಡಬೇಕು. ಲಿಫ್ಟು ಇರುವುದು ಬೇರೆ, ಅದರ ಬೀಗದ ಕೈ ಯಾರ ಹತ್ತಿರವೋ ಇರುವುದು ಬೇರೆ.

ಹೋಗಲಾಗದಿದ್ದರೆ

ಎಲ್ಲರಿಗೂ ಹೀಗೆ ಸುತ್ತುವ ದುಡ್ಡು, ಬಿಡುವು ಇರುವುದಿಲ್ಲ. ಇಲ್ಲದಿದ್ದರೆ ಮುಳುಗಿಹೋಯಿತು ಅಂತಲೂ ಇಲ್ಲ. ಮೇಲೆ ಹೇಳಿದ ಮುಕ್ಕಾಲು ಪ್ರಶ್ನೆಗಳನ್ನು ಫೋನಿನಲ್ಲೇ ಕೇಳಬಹುದು, ಕೇಳುವುದಕ್ಕೆ ಒಬ್ಬ ಎರಡನೇ ವರ್ಷದ ವಿದ್ಯಾರ್ಥಿ ಸಿಕ್ಕರೆ ಆಯಿತು. ಮೊದಲ ವರ್ಷದವರಿಗೆ ಇನ್ನೂ ಹೊಸತು, ಕೊನೆಯ ವರ್ಷದವರ ಮನಸ್ಸು ಆಗಲೇ ಹೊರಗೆ. ವಿಭಾಗಕ್ಕೆ ಒಂದು ಸಣ್ಣ, ಸ್ಪಷ್ಟ ಪ್ರಶ್ನೆ ಬರೆದು ಕಳಿಸಿ, ಉತ್ತರ ಯಾವಾಗ ಬರುತ್ತದೆ, ಯಾರು ಬರೆಯುತ್ತಾರೆ ನೋಡಿ. ಆನ್‌ಲೈನ್ ಟೂರಿನಲ್ಲಿ ಕ್ಯಾಮೆರಾ ಅವರು ತಿರುಗಿಸಿದ ಕಡೆಗೇ ತಿರುಗುತ್ತದೆ, ಅದರಿಂದ ದಾರಿ ಗೊತ್ತಾಗುತ್ತದೆ, ಅಷ್ಟೇ.

ಒಂದೇ ಸಲ ಹೋಗಲು ಸಾಧ್ಯ ಅನ್ನುವವರಿಗೆ ನನ್ನ ಸಲಹೆ: ಅರ್ಜಿ ಹಾಕುವ ಮೊದಲು ಹೋಗುವುದಕ್ಕಿಂತ, ಸೀಟು ಸಿಕ್ಕ ಮೇಲೆ, ಸೇರುತ್ತೇನೆ ಅಂತ ಸಹಿ ಹಾಕುವ ಮೊದಲು ಹೋಗಿ. ನಡುವೆ ಎಷ್ಟು ದಿನ ಸಿಗುತ್ತದೆ ಅಂತ ಮೊದಲೇ ನೋಡಿಕೊಂಡಿರಿ. ಹತ್ತು ಕಾಲೇಜಿನ ಬದಲು ಎರಡನ್ನು ನೋಡಿದರೆ ಸಾಕು. ಆಗ ಅವರಿಗೂ ನೀವು ಬೇಕಾಗಿರುತ್ತೀರಿ, ಗಟ್ಟಿ ಪ್ರಶ್ನೆಗೆ ಗಟ್ಟಿ ಉತ್ತರ ಕೊಡುವವರು ಮುಂದೆ ಬರುತ್ತಾರೆ. ಸ್ಕಾಲರ್‌ಶಿಪ್ ಎಲ್ಲ ವರ್ಷಕ್ಕೂ ಇದೆಯಾ, ಮೊದಲ ವರ್ಷಕ್ಕೆ ಮಾತ್ರವಾ? ಎಷ್ಟು ಅಂಕಕ್ಕಿಂತ ಕೆಳಗೆ ಬಂದರೆ ನಿಲ್ಲುತ್ತದೆ? ಹೋದ ವರ್ಷ ಎಷ್ಟು ಜನರದು ನಿಂತಿತು? ಹಾಸ್ಟೆಲ್ ಎರಡನೇ ವರ್ಷವೂ ಸಿಗುತ್ತದಾ? ಬಿಟ್ಟು ಹೋದರೆ ಕಟ್ಟಿದ ದುಡ್ಡಿನಲ್ಲಿ ಎಷ್ಟು ವಾಪಸ್ಸು, ಎಷ್ಟು ದಿನದೊಳಗೆ ಕೇಳಬೇಕು? ಬಾಯಿಮಾತಿನಲ್ಲಿ ‘ಅದೆಲ್ಲ ಆಗುತ್ತೆ’ ಅಂದರೆ, ನಗುತ್ತಲೇ, ‘ಇದನ್ನೇ ಒಂದು ಇಮೇಲ್ ಮಾಡಿಬಿಡ್ತೀರಾ?’ ಅಂತ ಕೇಳಿ, ವಿಳಾಸ ಬರೆದುಕೊಟ್ಟು ಬನ್ನಿ.